ಹಂಡೆಯ ಸುಣ್ಣ, ಗುಹೆಯ ಕಲ್ಲು

‘ಸಾರ್, ನೀವು ಇದನ್ನ ನೋಡಿದ್ದೀರಾ?’

ಸುಣ್ಣಕಲ್ಲಿನ ಗುಹೆಯ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಮಳವಳ್ಳಿ ಕಡೆಯ ಹುಡುಗನೊಬ್ಬ ಕೇಳಿದ್ದ. ‘ಪರೀಕ್ಷೆಗೆ ಇಷ್ಟು ಸಾಕು, ಕೂತ್ಕೊ’ ಎಂದು ಗದರಿದ್ದೆ. ನಾನು ನೋಡಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಎಷ್ಟೋ ವರ್ಷಗಳ ನಂತರ ಮನೆಯವರೊಂದಿಗೆ ಅಂಡಮಾನಿನ ಬಾರಾಟಾಂಗ್ ದ್ವೀಪಕ್ಕೆ ಹೋದೆ. ನಿಲಂಬೂರ್ ಜೆಟ್ಟಿಯಿಂದ ದೋಣಿ, ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಮರಗಳ ನಡುವೆ ಪಯಣ, ಆಮೇಲೆ ಕಾಲ್ನಡಿಗೆ. ಗುಹೆಯೊಳಗೆ ಟಾರ್ಚ್ ಬೆಳಕಿನಲ್ಲಿ ನೋಡಿದರೆ, ನಾನು ಬರೆಯುತ್ತಿದ್ದ ಚಿತ್ರವೇ ಮೇಲಿನಿಂದ ಇಳಿಬಿದ್ದಿದೆ! ತುದಿಯಲ್ಲೊಂದು ಹನಿ. ಕೈ ಚಾಚಿದೆ. ‘ಮುಟ್ಟಬೇಡಿ, ಕೈಯ ಜಿಡ್ಡು ತಾಗಿದರೆ ಬೆಳೆಯುವುದಿಲ್ಲ’ ಎಂದು ಗೈಡ್ ಹುಡುಗ ಹಿಂದಿಯಲ್ಲಿ ತಡೆದ. ಅದು ಬೆರಳುದ್ದ ಬೆಳೆಯಲು ನೂರಾರು ವರ್ಷ ಬೇಕು.

ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯಲ್ಲಿ ಆ ಅನಿಲ ಹೊರಬಿದ್ದಾಗ ಸುಣ್ಣ ಕಲ್ಲಾಗಿ ಉಳಿಯುತ್ತದೆ. ಮದ್ದೂರಿನ ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪದರವೂ ಅದೇ ಸುಣ್ಣ.

ಅಂದು ಆ ಹುಡುಗನಿಗೆ ಹಂಡೆಯನ್ನಾದರೂ ತೋರಿಸಬಹುದಿತ್ತು. ಈಗ ಮಕ್ಕಳು ಕೇಳಿದರೆ, ‘ನೋಡಿಲ್ಲಪ್ಪ, ಬಾ, ಇಬ್ಬರೂ ತಿಳಿಯೋಣ’ ಎನ್ನುತ್ತೇನೆ.