ಅರ್ತಿಂಗ್ ನೋಡಿದ್ಯೇನೋ?

ಮಂಡಿನೋವಿಂದ ಅಪ್ಪ ಬೈಕು ಬಿಟ್ಟು ಎರಡು ವರ್ಷ. ರಿಪೇರಿ ಮಾಡಿಸಿ ಮಾರಿಬಿಡೋಣ ಅಂತ ಊರಿಗೆ ಹೋಗಿದ್ದೆ. ಸೆಲ್ಫ್ ಒತ್ತಿದರೆ ಬರೀ ಟಿಕ್ ಟಿಕ್. ಹೊಸ ಬ್ಯಾಟರಿ ಹಾಕಿದೆ, 12.7 ವೋಲ್ಟ್ ಇದೆ. ಆದರೂ ಅದೇ ರಾಗ. ರಿಲೇನೇ ಹೋಗಿರಬೇಕು ಅಂತ ಬಿಚ್ಚೋಕೆ ಹೊರಟೆ.

ಜಗಲಿಯಿಂದ ಅಪ್ಪ, "ಅರ್ತಿಂಗ್ ನೋಡಿದ್ಯೇನೋ?" ಅಂದರು. ಬಿಇ ಮಾಡಿದವನು ನಾನು, ನೋಡಿರಲಿಲ್ಲ!

ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ನಿಗೆ ಇಟ್ಟು ಸೆಲ್ಫ್ ಒತ್ತಿದೆ. ಅರ್ಧ ವೋಲ್ಟೂ ದಾಟಬಾರದು, 3 ದಾಟಿತು. ಅರ್ತಿಂಗ್ ವೈರಿನ ಬೋಲ್ಟ್ ಬಿಚ್ಚಿದರೆ ಅಡಿಯೆಲ್ಲ ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೆ. ಒಂದೇ ಸಲಕ್ಕೆ ಸ್ಟಾರ್ಟ್!

ಅಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದರು. "ತೋಟದ ತನಕ ಹೋಗ್ಬರೋಣ, ನೀನೇ ಓಡ್ಸು."

ಮಾರೋ ಮಾತು ಇನ್ನೂ ಎತ್ತಿಲ್ಲ.