ದಿಮ್ಮಿಯೊಳಗಿನ ತಾಯಿ

ಹೋದ ಜುಲೈಯಲ್ಲಿ ಮಗನ ಮನೆಗೆಂದು ಅಮೆರಿಕಕ್ಕೆ ಹೋದಾಗ, ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಬೆಟ್ಟಗಳನ್ನು ನೋಡಿ ಬಂದೆವು. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಮೇಪಲ್, ಬೀಚ್ ಮರಗಳ ಬುಡದಲ್ಲಿ ತರಗೆಲೆ ಮೆತ್ತೆಯಂತೆ ಹಾಸಿತ್ತು. ಆ ಒದ್ದೆ ಮಣ್ಣಿನ ವಾಸನೆಗೆ ನನಗೆ ನಮ್ಮ ತೀರ್ಥಹಳ್ಳಿಯ ಕಾಡೇ ನೆನಪಾಯಿತು.

ದಾರಿ ಪಕ್ಕದಲ್ಲಿ ಕೊಳೆತ ದಿಮ್ಮಿಯೊಂದು ಬಿದ್ದಿತ್ತು. ಕುತೂಹಲಕ್ಕೆ ಅದರ ಸಡಿಲ ಚಕ್ಕೆಯೊಂದನ್ನು ಸರಿಸಿದೆ. ಒಳಗೆ ಪುಟ್ಟ ಪೊಟರೆ. ಅದರಲ್ಲಿ ಬೆರಳುದ್ದದ ಜೀವಿ.

"ಹಾವುರಾಣಿ ಮರಿ!" ಎಂದು ಕೈ ಚಾಚಿದೆ.

"ಅಜ್ಜ, ಮುಟ್ಟಬೇಡ! ಕೈಗೆ ಸೊಳ್ಳೆ ಎಣ್ಣೆ ಹಚ್ಚಿಕೊಂಡಿದ್ದೀಯ!" ಎಂದು ಮೊಮ್ಮಗಳು ಕೂಗಿದಳು. ನಾನು ತಟ್ಟನೆ ಕೈ ಹಿಂದೆಗೆದೆ.

ಅದು ಹಾವುರಾಣಿಯಲ್ಲ, ಕೆಂಬೆನ್ನಿನ ಸ್ಯಾಲಮ್ಯಾಂಡರ್. ಕಪ್ಪೆಯಂತೆ ಉಭಯವಾಸಿ. ಬೆನ್ನಿನುದ್ದಕ್ಕೂ ಇಟ್ಟಿಗೆ ಬಣ್ಣದ ಪಟ್ಟೆ. ಇದಕ್ಕೆ ಶ್ವಾಸಕೋಶವೇ ಇಲ್ಲ! ಒದ್ದೆ ಚರ್ಮ ಮತ್ತು ಬಾಯಿಯ ಒಳಪದರದಿಂದಲೇ ಉಸಿರಾಟ. ಚರ್ಮ ಒಣಗಿದರೆ ಉಸಿರು ಕಟ್ಟಿದಂತೆ. ನನ್ನ ಕೈಯ ಎಣ್ಣೆ ತಾಗಿದ್ದರೆ ಅದರ ಗತಿ? ಅದಕ್ಕೇ ಹಗಲೆಲ್ಲ ದಿಮ್ಮಿ, ಕಲ್ಲು, ತರಗೆಲೆಗಳಡಿ ಅಡಗಿದ್ದು, ಒದ್ದೆ ರಾತ್ರಿಗಳಲ್ಲಿ ಹೊರಬಂದು ಇರುವೆ, ನುಸಿಗಳನ್ನು ಹಿಡಿದು ತಿನ್ನುತ್ತದೆ. ಚಳಿಗಾಲದಲ್ಲಿ ಹಿಮ ತಟ್ಟದಷ್ಟು ಆಳಕ್ಕೆ ಮಣ್ಣಿನೊಳಗೆ ಇಳಿಯುತ್ತದೆ.

"ಅಜ್ಜ, ಮೇಲೆ ನೋಡು" ಎಂದಳು ಮೊಮ್ಮಗಳು. ಪೊಟರೆಯ ಮಾಡಿನಿಂದ ಸಣ್ಣ ದ್ರಾಕ್ಷಿ ಗೊಂಚಲಿನಂತೆ ಏಳೆಂಟು ಮೊಟ್ಟೆ ತೂಗುತ್ತಿದ್ದವು. ತಾಯಿ ಅವುಗಳಿಗೆ ಮೈ ಸುತ್ತಿಕೊಂಡಿತ್ತು. ಮರಿಯಾಗುವವರೆಗೆ, ಅಂದರೆ ಆರೇಳು ವಾರಕ್ಕೂ ಹೆಚ್ಚು, ಅದು ಹೀಗೆ ಕಾವಲಿರುತ್ತದೆ. ಮೊಟ್ಟೆ ಒಣಗದಂತೆ ನೋಡಿಕೊಳ್ಳುತ್ತದೆ. ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತ ಇದಕ್ಕಿಲ್ಲ. ಮೊಟ್ಟೆಯಿಂದ ನೇರ ಪುಟಾಣಿ ಸ್ಯಾಲಮ್ಯಾಂಡರೇ ಹೊರಬರುತ್ತದೆ. ನಮ್ಮ ಘಟ್ಟದ ಪೊದೆಗಪ್ಪೆಗಳಲ್ಲೂ ಹಾಗೆಯೇ ಅಲ್ಲವೇ? ಆದರೆ ಸ್ಯಾಲಮ್ಯಾಂಡರ್ ನಮ್ಮ ಘಟ್ಟದಲ್ಲಿಲ್ಲ. ಭಾರತದಲ್ಲಿ ಅದರ ಬಂಧುಗಳನ್ನು ಕಾಣಲು ಡಾರ್ಜಿಲಿಂಗ್ ಕಡೆಗೆ ಹೋಗಬೇಕು.

ಇದೇ ಬೆಟ್ಟಸಾಲಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ವಿಜ್ಞಾನಿಗಳು ಒಂದು ಲೆಕ್ಕ ಹಾಕಿ, 1975ರಲ್ಲಿ ಪ್ರಕಟಿಸಿದರು. ಅಲ್ಲಿನ ಸ್ಯಾಲಮ್ಯಾಂಡರ್‌ಗಳ ಒಟ್ಟು ತೂಕ, ಗೂಡು ಕಟ್ಟುವ ಕಾಲದ ಹಕ್ಕಿಗಳ ಒಟ್ಟು ತೂಕಕ್ಕಿಂತ ಸುಮಾರು ಎರಡು ಪಟ್ಟು! ಅವುಗಳಲ್ಲಿ ಹೆಚ್ಚಿನವು ಈ ಕೆಂಬೆನ್ನಿನವೇ. ಕಣ್ಣಿಗೆ ಬೀಳದ ಜೀವಿಗಳಿಂದಲೇ ಕಾಡು ತುಂಬಿದೆ.

ಮತ್ತೆ ಮತ್ತೆ ಕಲಕಿದರೆ ತಾಯಿ ಮೊಟ್ಟೆ ಬಿಟ್ಟು ಹೋಗಬಹುದಂತೆ. ಉಸಿರು ಬಿಗಿಹಿಡಿದು, ಚಕ್ಕೆಯನ್ನು ಬಾಗಿಲು ಮುಚ್ಚಿದ ಹಾಗೆ ಇದ್ದಲ್ಲೇ ಇಟ್ಟೆ.

ಊರಿಗೆ ಮರಳಿದ ಮೇಲೆ, ತೋಟದಲ್ಲಿ ಕೊಳೆತ ಮರವೊಂದನ್ನು ಸೌದೆಗೆ ಎಳೆಯಲು ಹೋದೆ. "ಅಜ್ಜ, ಮುಟ್ಟಬೇಡ!" ಎಂದಂತಾಯಿತು. ಅದು ಇನ್ನೂ ಅಲ್ಲೇ ಇದೆ.