ಹೊಯ್ ಆನಿನ ಮನೆಗಳು

ವಿಯಟ್ನಾಂ ದೇಶದ ನಡುಗರಾವಳಿಯಲ್ಲಿ, ತೂ ಬೋನ್ ನದಿಯು ಸಮುದ್ರವನ್ನು ಸೇರುವುದಕ್ಕೆ ತುಸು ಮೊದಲು, ಹೊಯ್ ಆನ್ ಎಂಬ ಹಳೆಯ ಊರಿದೆ. ಆ ಸೀಮೆಗೆ ಬರುವ ಪ್ರವಾಸಿಗಳಿಗೆಲ್ಲ ಈಗ ಅದೇ ಬೀಡು. ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದ ಮೀ ಸನ್ ಕಣಿವೆಯಲ್ಲಿ ಚಂಪಾ ದೇಶದ ಅರಸರು ಕಟ್ಟಿಸಿದ ಶಿವಾಲಯಗಳನ್ನು ನೋಡಬೇಕೆನ್ನುವವರೂ, ಎದುರಿನ ಚಾಮ್ ದ್ವೀಪಗಳಿಗೆ ದೋಣಿಯೇರಿ ಹೋಗಬೇಕೆನ್ನುವವರೂ, ಏನೂ ಮಾಡದೆ ಮರಳಿನ ಮೇಲೆ ಬಿಸಿಲು ಕಾಯಿಸಬೇಕೆನ್ನುವವರೂ ಇಲ್ಲಿಯೇ ಇಳಿದುಕೊಳ್ಳುತ್ತಾರೆ. 2025ರ ಜುಲೈಯಿಂದ ಈ ಊರನ್ನು ಉತ್ತರದ ದಾ ನಾಂಗ್ ಮಹಾನಗರದ ಆಡಳಿತಕ್ಕೆ ಸೇರಿಸಿದ್ದಾರೆ. ಅದಕ್ಕೆ ಮೊದಲು, ಅದೇ ವರ್ಷದ ಫೆಬ್ರವರಿಯಲ್ಲಿ, ನಾವು ಅಲ್ಲಿ ಹನ್ನೆರಡು ದಿನ ಇದ್ದೆವು. ನೋಡತಕ್ಕ ಸ್ಥಳಗಳ ವರ್ಣನೆಯನ್ನು ಇತರರು ಬೇಕಾದಷ್ಟು ಮಾಡಿದ್ದಾರೆ. ನಮ್ಮ ಮನಸ್ಸನ್ನು ಹಿಡಿದುವು ಅಲ್ಲಿಯ ಮನೆಗಳು. ಅವುಗಳ ವಿಷಯವಾಗಿಯೇ ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ.

ಬೀದಿಯಲ್ಲಿ ನಿಂತು ನೋಡುವವರಿಗೆ ಈ ಮನೆಗಳು ಬಹು ಸಣ್ಣವು. ಮುಂಭಾಗದ ಅಗಲ ನಾಲ್ಕು ಹೆಜ್ಜೆಯೋ ಐದು ಹೆಜ್ಜೆಯೋ, ಅಷ್ಟೆ. ಒಳಗೆ ಕಾಲಿಟ್ಟರೆ ಮನೆ ಮುಗಿಯುವುದೇ ಇಲ್ಲ. ಮೊದಲು ಅಂಗಡಿ, ಅದರ ಹಿಂದೆ ನಡುಮನೆ, ಆಮೇಲೆ ಆಕಾಶಕ್ಕೆ ತೆರೆದ ಒಂದು ತೊಟ್ಟಿ, ಅದರಾಚೆ ಮಲಗುವ ಕೋಣೆ, ಅಡಿಗೆಮನೆ. ನದಿಯ ಕಡೆಯ ಸಾಲಿನಲ್ಲಾದರೆ ಹಿಂಬಾಗಿಲು ನೀರಿನ ದಿಕ್ಕಿಗೇ ತೆರೆಯುತ್ತದೆ. ಹಿಂದೆ ದೋಣಿಯಿಂದ ಸರಕನ್ನು ಒಳಗೆ ತೆಗೆದುಕೊಂಡು ಮುಂದೆ ಬೀದಿಯಲ್ಲಿ ಮಾರುತ್ತಿದ್ದ ಮನೆಗಳಿವು. ಬಾಗಿಲವಾಡದ ಮೇಲೆ ಮರದಲ್ಲಿ ಕೆತ್ತಿದ ಎರಡು ದುಂಡು ಬಿಲ್ಲೆಗಳಿರುತ್ತವೆ; ಅವು ಮನೆಯ ಕಣ್ಣುಗಳಂತೆ. ಬಂದವರು ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ಅವು ನೋಡಿಕೊಳ್ಳುತ್ತವೆಯಂತೆ. ದಿನವೂ ಇಷ್ಟು ಜನ ಅಪರಿಚಿತರನ್ನು ನೋಡಿ ನೋಡಿ ಅವಕ್ಕೆ ಆಯಾಸವಾಗಿರಬೇಕೆಂದು ನಮಗೆ ತೋರಿತು.

ಅಪರಿಚಿತರು ಬರುವುದು ಈ ಊರಿಗೆ ಹೊಸದಲ್ಲ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಯೂರೋಪಿಯನರು ಇದನ್ನು ಫೈಫೋ ಎಂದು ಕರೆಯುತ್ತಿದ್ದರು. ಈಶಾನ್ಯ ಮಾರುತದೊಡನೆ ಚೀನಾ ಜಪಾನುಗಳ ಹಡಗುಗಳು ಬಂದು, ಗಾಳಿ ತಿರುಗುವ ತನಕ ತಿಂಗಳುಗಟ್ಟಲೆ ಇಲ್ಲಿಯೇ ನಿಂತು, ರೇಷ್ಮೆ, ಮೆಣಸು, ದಾಲ್ಚಿನ್ನಿ, ಅಗರು, ಪಿಂಗಾಣಿಗಳನ್ನು ತುಂಬಿಕೊಂಡು ನೈರುತ್ಯದ ಗಾಳಿಗೆ ಹಿಂದಿರುಗುತ್ತಿದ್ದುವು. ತಿಂಗಳುಗಟ್ಟಲೆ ನಿಲ್ಲಬೇಕಾದವನಿಗೆ ಮನೆ ಬೇಕಷ್ಟೆ. ಹೀಗೆ ಜಪಾನೀಯರ ಕೇರಿಯೊಂದು, ಚೀನೀಯರ ಕೇರಿಯೊಂದು ಬೆಳೆದುವು. 1635ರಲ್ಲಿ ಜಪಾನಿನ ದೊರೆತನವು ತನ್ನ ಪ್ರಜೆಗಳು ಹೊರದೇಶಕ್ಕೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ ಮೇಲೆ ಅವರ ಕೇರಿ ಸೊರಗಿತು. ಚೀನೀಯರು ಉಳಿದರು, ಅವರವರ ಸೀಮೆಯವರು ಕಟ್ಟಿಕೊಂಡ ಸಭಾಮಂದಿರಗಳು ಇಂದಿಗೂ ಇವೆ. ಕಾಲಕ್ರಮದಲ್ಲಿ ನದಿಯು ಹೂಳಿನಿಂದ ತುಂಬಿತು. ದೊಡ್ಡ ಹಡಗುಗಳು ಬಾರದಾದುವು, ವ್ಯಾಪಾರವು ದಾ ನಾಂಗಿಗೆ ಹೋಯಿತು. ಊರು ಬಡವಾಯಿತು. ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವುದಕ್ಕೆ ಹಣ ಬೇಕಲ್ಲವೆ? ಅದಿಲ್ಲದುದರಿಂದಲೇ ಮನೆಗಳು ಉಳಿದುವು. ಮೀ ಸನ್ ದೇವಾಲಯಗಳ ಜೀರ್ಣೋದ್ಧಾರಕ್ಕೆಂದು ಪೋಲೆಂಡಿನಿಂದ ಬಂದಿದ್ದ ಕಜಿಮೇಷ್ ಕ್ವಿಯಾತ್ಕೋವ್ಸ್ಕಿ ಎಂಬ ಶಿಲ್ಪಶಾಸ್ತ್ರಜ್ಞರು ಈ ಬಡ ಊರಿನ ಬೆಲೆಯನ್ನು ಕಂಡು, ಇದನ್ನು ಕಾಪಾಡಿರೆಂದು ಅಧಿಕಾರಿಗಳಿಗೆ ಸಾರಿ ಹೇಳಿದರು. ಅವರು 1997ರಲ್ಲಿ ತೀರಿಕೊಂಡರು. ಅವರ ಪ್ರತಿಮೆ ಊರಲ್ಲಿದೆ. 1999ರಲ್ಲಿ ಹೊಯ್ ಆನ್ ಮತ್ತು ಮೀ ಸನ್ ಎರಡೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅಲ್ಲಿಂದ ಈಚೆಗೆ ಹಣಕ್ಕೇನೂ ಕೊರತೆಯಿಲ್ಲ.

ನಾವು ಇಳಿದುಕೊಂಡಿದ್ದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಅವರಿಗೆ ನಮ್ಮ ಮಾತು ತಿಳಿಯದು, ನಮಗೆ ಅವರದು; ಇಂಗ್ಲಿಷು ಕಲಿತ ಮೊಮ್ಮಗಳು ನಡುವೆ ಕುಳಿತು ಇತ್ತಲದನ್ನು ಅತ್ತ, ಅತ್ತಲದನ್ನು ಇತ್ತ ಮುಟ್ಟಿಸುತ್ತಿದ್ದಳು. ಬೀದಿಯ ಕಡೆಯ ಅಂಗಡಿಯನ್ನು ಬಟ್ಟೆ ಹೊಲಿದುಕೊಡುವವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಬಾಡಿಗೆಯಿಂದಲೇ ಮಗನು ಊರ ಹೊರಗೆ ಹೊಸ ಮನೆ ಕಟ್ಟಿಕೊಂಡು, ಹಿರಿಯರ ತಿಥಿಯ ದಿನಗಳಲ್ಲಿ ಬಂದು ಹೋಗುತ್ತಾನೆ. ಎಡದ ಮನೆಯವರೂ ಬಲದ ಮನೆಯವರೂ ಇಡೀ ಮನೆಯನ್ನೇ ಹೊರಗಿನವರಿಗೆ ಕೊಟ್ಟುಬಿಟ್ಟಿದ್ದರು. ಹಳೆಯ ಬೀದಿಗಳಲ್ಲಿ ಹೀಗಾಗಿರುವುದು ಎರಡು ಮೂರು ಮನೆಗಳಲ್ಲಲ್ಲ. ಅವರನ್ನು ದೂರುವುದಕ್ಕೂ ನಮಗೆ ಮನಸ್ಸು ಬರಲಿಲ್ಲ. ಕಂಬವೊಂದು ಹುಳು ಹಿಡಿದರೂ ಅಪ್ಪಣೆಯಿಲ್ಲದೆ ಬದಲಾಯಿಸುವಂತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಹೊಸ್ತಿಲಲ್ಲಿ ಜನ. ಇಂತಹ ಮನೆಯಲ್ಲಿ ಕೂಸನ್ನು ಮಲಗಿಸುವವರಿಗೆ ಗೊತ್ತು ಅದರ ಕಷ್ಟ.

ಶುಕ್ಲ ಚತುರ್ದಶಿಯ ಇರುಳು ಈ ಊರಿಗೆ ಹಬ್ಬ. ವಿದ್ಯುದ್ದೀಪಗಳನ್ನು ಆರಿಸಿ, ರೇಷ್ಮೆಯ ಬುಟ್ಟಿದೀಪಗಳನ್ನು ಹಚ್ಚುತ್ತಾರೆ; ನದಿಯ ಮೇಲೆ ಕಾಗದದ ಹಣತೆಗಳು ತೇಲುತ್ತವೆ. ನೋಟವೇನೋ ಸುಂದರವೇ. ಆದರೆ ಅಂದು ರಾತ್ರಿ ನಾವು ಬೀದಿಯುದ್ದಕ್ಕೂ ತಲೆಯೆತ್ತಿ ನೋಡುತ್ತ ಹೋದೆವು. ಅಂಗಡಿಗಳ ಮೇಲಿನ ಕಿಟಕಿಗಳಲ್ಲಿ ಹಲವು ಕತ್ತಲಾಗಿಯೇ ಇದ್ದುವು.

ಅಜ್ಜಿ ನಮಗೆ ತೋರಿಸಿದ ಮುಖ್ಯವಾದ ವಸ್ತುವೆಂದರೆ ಅಟ್ಟ. ನಡುಮನೆಯ ಮೇಲ್ಗಡೆ ಹಲಗೆಯಲ್ಲಿ ಚೌಕನಾದ ಒಂದು ಬಾಯಿದೆ. ಮಳೆಗಾಲದಲ್ಲಿ, ಅಕ್ಟೋಬರ್ ನವೆಂಬರುಗಳಲ್ಲಿ, ನದಿಯು ಬೀದಿಗೆ ಬರುವುದು ಅಲ್ಲಿ ವಾಡಿಕೆ. ನೀರು ಹೊಸ್ತಿಲು ಮುಟ್ಟುವ ಮೊದಲೇ ಮನೆಯ ಸಾಮಾನೆಲ್ಲ ಹಗ್ಗದಲ್ಲಿ ಆ ಬಾಯಿಯೊಳಗಿಂದ ಮೇಲೆ ಹೋಗಬೇಕು. ಗೋಡೆಯ ಮೇಲೆ ಒಂದೊಂದು ವರ್ಷದ ನೀರಿನ ಮಟ್ಟಕ್ಕೂ ಗೆರೆ ಎಳೆದಿದ್ದರು. 1964ರ ಗೆರೆ ಎಲ್ಲಕ್ಕಿಂತ ಮೇಲಿತ್ತು. ಯಾವುದನ್ನು ಮೊದಲು ಎತ್ತಬೇಕು, ಯಾವುದನ್ನು ಆಮೇಲೆ, ನದಿಯ ಬಣ್ಣ ಹೇಗಾದಾಗ ಹಗ್ಗವನ್ನು ಕೈಗೆ ತೆಗೆದುಕೊಳ್ಳಬೇಕು, ಇದೆಲ್ಲವನ್ನೂ ಅವರು ಬೆರಳು ಮಡಿಸುತ್ತ ಹೇಳಿದರು. ಹಿರಿಯರ ಪೂಜೆಯ ಪಾತ್ರೆಗಳು, ಅಕ್ಕಿ, ಆಮೇಲೆ ಹೊಲಿಗೆಯ ಯಂತ್ರ. ಕುರ್ಚಿ ಮಂಚಗಳು ಕೊನೆಗೆ, ಅವು ನೀರು ಕಂಡ ಮರವೇ ತಾನೆ, ಎಂದು ನಕ್ಕರು.

ಸಮುದ್ರದ ಕಡೆಯ ಕಥೆ ಬೇರೆ. ಕುವಾ ದಾಯ್ ತೀರದಲ್ಲಿ ಕೆಲವು ವರ್ಷಗಳಿಂದ ಅಲೆಗಳು ಮರಳನ್ನು ತಿನ್ನುತ್ತಿವೆ. ಮೇಲ್ಭಾಗದಲ್ಲಿ ಕಟ್ಟೆಗಳನ್ನು ಕಟ್ಟಿ, ನದಿಯೊಳಗಿನ ಮರಳನ್ನು ತೋಡಿದರೆ ಸಮುದ್ರಕ್ಕೆ ಹೊಸ ಮರಳು ಎಲ್ಲಿಂದ ಬರಬೇಕು? ಹೋಟಲುಗಳ ಮುಂದೆ ಮರಳಿನ ಚೀಲಗಳನ್ನು ಒಡ್ಡಿದ್ದಾರೆ.

ಹೊರಡುವ ಹಿಂದಿನ ದಿನ ಜಪಾನೀ ಸೇತುವೆಯನ್ನು ನೋಡಿದೆವು. ಭೂಮಿಯ ಕೆಳಗೆ ಒಂದು ಮಹಾಮತ್ಸ್ಯವಿದೆಯಂತೆ. ಅದರ ತಲೆ ಹಿಂದೂಸ್ಥಾನದಲ್ಲಿ, ಬಾಲ ಜಪಾನಿನಲ್ಲಿ, ಬೆನ್ನು ಹೊಯ್ ಆನಿನಲ್ಲಿ. ಅದು ಮೈಕೊಡವಿದರೆ ಭೂಕಂಪ, ಪ್ರವಾಹ. ಅದು ಅಲುಗಾಡದಂತೆ ಬೆನ್ನಿಗೆ ನಾಟಿದ ಕತ್ತಿಯೇ ಈ ಸೇತುವೆ. ನೀವು ತಲೆಯ ಕಡೆಯವರು, ಅದಕ್ಕೆ ಸುಮ್ಮನಿರುವಂತೆ ಹೇಳಿ, ಎಂದು ಮೊಮ್ಮಗಳು ಹಾಸ್ಯ ಮಾಡಿದಳು. ಒಂದೂವರೆ ವರ್ಷಕ್ಕೂ ಮಿಕ್ಕಿ ರಿಪೇರಿಯಾಗಿ ಸೇತುವೆಯು 2024ರ ಆಗಸ್ಟಿನಲ್ಲಿ ಮತ್ತೆ ತೆರೆದಾಗ, ಬಣ್ಣ ತೀರ ಹೊಸದಾಗಿ ಕಾಣುತ್ತದೆಂದು ಅನೇಕರು ಗೊಣಗಿದ್ದರಂತೆ. ನಾಲ್ಕು ಮಳೆಗಾಲ ಕಳೆಯಲಿ, ತಾನೇ ಹಳೆಯದಾಗುತ್ತದೆ.

2025ರ ಅಕ್ಟೋಬರಿನ ಕೊನೆಯಲ್ಲಿ ಹೊಯ್ ಆನಿಗೆ ದೊಡ್ಡ ನೆರೆ ಬಂದಿತು. ಜನ 1964ನ್ನೇ ನೆನೆದರು. ಆತಂಕದಿಂದ ನಾವು ಕೇಳಿ ಬರೆದುದಕ್ಕೆ, ಕೆಲವು ದಿನಗಳಾದ ಮೇಲೆ ಮೊಮ್ಮಗಳು ಉತ್ತರ ಕೊಟ್ಟಳು. ಎಲ್ಲರೂ ಕ್ಷೇಮ, ಅಜ್ಜಿ ಮೂರು ದಿನ ಅಟ್ಟದ ಮೇಲೆಯೇ ಇದ್ದರು. ಅಂಗಡಿಯ ಯಜಮಾನನು ಬೇರೆ ಊರಿನಲ್ಲಿದ್ದ. ಅಂಗಡಿಯ ಹುಡುಗರಿಗೆ ನೆರೆಯ ಅನುಭವವಿಲ್ಲ. ಹೊತ್ತಾರೆ ನದಿಯನ್ನು ನೋಡಿಬಂದ ಅಜ್ಜಿ, ಬಟ್ಟೆಯ ಥಾನುಗಳನ್ನು ಮೇಲೆತ್ತಿರೆಂದು ಹಿಂದಿನಿಂದಲೇ ಕೂಗಿ ಹೇಳಿದರಂತೆ. ಹುಡುಗರು ಎತ್ತಿದರು; ಒಂದು ಥಾನೂ ನೆನೆಯಲಿಲ್ಲ. ಎಡಗಡೆಯ ಮನೆಯಲ್ಲಿಯೂ ಬಲಗಡೆಯ ಮನೆಯಲ್ಲಿಯೂ ಹಾಗೆ ಕೂಗಿ ಹೇಳುವವರು ಯಾರೂ ಇರಲಿಲ್ಲ. ಅಲ್ಲಿಯ ಸರಕನ್ನೆಲ್ಲ ನೀರಿಳಿದ ಮೇಲೆ ಬೀದಿಗೆ ತಂದು ಸುರಿದಿದ್ದಾರೆಂದು ಬರೆದಿದ್ದಳು.